ಪುಕ್ಕಟೆಯ ಅಂಚೆಮನೆ

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಕೊಟ್ಟವನ ಮನಸ್ಸು ನೋಯಬಾರದೆಂಬ ಸೌಜನ್ಯದ ದೃಷ್ಟಿಯಿಂದ ಈ ಮಾತು ಸರಿ. ಆದರೆ ಹಸು ಕೊಟ್ಟಿಗೆಗೆ ಬಂದು, ಮನೆಯ ಮಕ್ಕಳೆಲ್ಲ ಅದರ ಹಾಲನ್ನೇ ನಂಬಿಕೊಂಡಮೇಲೆ, ಅದರ ವಯಸ್ಸೆಷ್ಟು, ಎಷ್ಟು ಕಾಲ ಕರೆದೀತು, ಕೊಟ್ಟವನು ನಾಳೆ ಬಂದು ಹಗ್ಗ ಬಿಚ್ಚಿದರೆ ಗತಿಯೇನು ಎಂದು ಕೇಳಿಕೊಳ್ಳುವುದು ಅಸೌಜನ್ಯವಾಗಲಾರದು. ಅದು ಸಂಸಾರಸ್ಥನ ಲಕ್ಷಣ. ಕಳೆದ ಇಪ್ಪತ್ತು ವರ್ಷಗಳಲ್ಲಿ ಲೋಕದ ಅನೇಕ ಕಾಲೇಜುಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಇಂಥದೊಂದು ಹಸು ದಾನವಾಗಿ ಬಂದಿದೆ. ವಿದ್ಯಾರ್ಥಿಗಳ ಇಮೇಲ್ ವ್ಯವಸ್ಥೆಯನ್ನು ತಾವೇ ನಡೆಸುವುದನ್ನು ಬಿಟ್ಟು, ಹೊರಗಿನ ದೊಡ್ಡ ಕಂಪನಿಯೊಂದರ ಕೈಗೆ ಕಾಸಿನ ಖರ್ಚಿಲ್ಲದೆ ಒಪ್ಪಿಸುವ ಪದ್ಧತಿಯೇ ಅದು. ಈ ಪದ್ಧತಿ ಹೇಗೆ ಬಂದಿತು, ಅದರಿಂದ ನಮಗೆ ದೊರೆತುದೇನು, ತೆರಬೇಕಾದುದೇನು ಎಂಬುದನ್ನು ನಾನು ತಿಳಿದಮಟ್ಟಿಗೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ಕಲಾವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಬೆಲೆಯಿಲ್ಲದೆ ದೊರೆಯುವ ಸರಕಿಗೆ ಬೆಲೆ ತೆರುವವರು ಯಾರು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಒಬ್ಬನ ಪರವಾಗಿ ಇನ್ನೊಬ್ಬನು ಒಪ್ಪಿಗೆ ಕೊಡಬಹುದೆ ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ. ಅಷ್ಟಲ್ಲದೆ, ಈ ವಿಷಯ ನಮ್ಮಂಥವರಿಗೆ ತೀರ ಹತ್ತಿರದ್ದು. ನಮ್ಮ ಮನೆತನದಲ್ಲಿ ಪದವಿಯ ಕೊನೆಯ ತರಗತಿಯವರೆಗೆ ಬಂದವನು ನಾನೊಬ್ಬನೇ. ನಮ್ಮ ತಂದೆಗೆ ಯಾರಾದರೂ ಕಾಗದ ಬರೆಯಬೇಕಾಗಿದ್ದರೆ ಅವರ ಹೆಸರು, ಊರು, ಹೋಬಳಿ, ತಾಲ್ಲೂಕು ಇಷ್ಟು ಸಾಕಾಗಿತ್ತು. ಅಂಚೆಯವನು ಅವರನ್ನು ಹೊಲದಲ್ಲಾದರೂ ಹುಡುಕಿ ಕಾಗದ ಮುಟ್ಟಿಸುತ್ತಿದ್ದನು. ನನ್ನ ಪಾಲಿಗೆ ಆ ಊರು, ಹೋಬಳಿಗಳ ಸ್ಥಾನವನ್ನು ಒಂದು ಇಮೇಲ್ ವಿಳಾಸ ಆಕ್ರಮಿಸಿದೆ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಸ್ಪರ್ಧಾಪರೀಕ್ಷೆಯ ಪ್ರವೇಶಪತ್ರ, ನೌಕರಿಯ ಕರೆ, ಎಲ್ಲದಕ್ಕೂ ಮೊದಲು ಕೇಳುವುದು ಅದನ್ನೇ. ವಿಳಾಸ ಕಳೆದುಹೋದವನು ಊರು ಬಿಟ್ಟವನಿಗೆ ಸಮಾನ. ಹೀಗಿರುವಾಗ ಆ ವಿಳಾಸ ಯಾರ ಜಮೀನಿನ ಮೇಲೆ ನಿಂತಿದೆಯೆಂದು ತಿಳಿಯುವುದು ಅವಶ್ಯವಷ್ಟೆ.

ಮೊದಲು ಇಮೇಲಿನ ಮನೆಯ ಕಟ್ಟಡವನ್ನು ನೋಡೋಣ. ಯಾವುದೇ ಇಮೇಲ್ ವಿಳಾಸದಲ್ಲಿ ಎರಡು ಭಾಗಗಳಿರುತ್ತವೆ. ನಡುವೆ ಒಂದು ಸುರುಳಿಯ ಗುರುತು. ಸುರುಳಿಯ ಹಿಂದಿರುವುದು ವ್ಯಕ್ತಿಯ ಹೆಸರು. ಮುಂದಿರುವುದು ಮನೆಯ ಹೆಸರು. ಈ ಮನೆಯ ಹೆಸರಿಗೆ ಡೊಮೇನ್ ಎನ್ನುತ್ತಾರೆ. ನಮ್ಮ ದೇಶದ ಕಾಲೇಜುಗಳ ಡೊಮೇನುಗಳು ಸಾಮಾನ್ಯವಾಗಿ ‘ಎಸಿ ಡಾಟ್ ಇನ್’ ಅಥವಾ ‘ಇಡಿಯು ಡಾಟ್ ಇನ್’ ಎಂದು ಮುಗಿಯುತ್ತವೆ. ಇವುಗಳನ್ನು ನೋಂದಾಯಿಸಿಕೊಡುವ ಸಂಸ್ಥೆ ಎರ್ನೆಟ್ ಇಂಡಿಯಾ. ಒಬ್ಬರು ನಮಗೆ ಇಮೇಲ್ ಕಳಿಸಿದೊಡನೆ ಅವರ ಕಡೆಯ ಯಂತ್ರವು ಡೊಮೇನುಗಳ ಸಾರ್ವಜನಿಕ ದಪ್ತರವನ್ನು ತೆರೆದು, “ಈ ಹೆಸರಿನ ಮನೆಗೆ ಬರುವ ಕಾಗದಗಳನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು?” ಎಂದು ವಿಚಾರಿಸುತ್ತದೆ. ದಪ್ತರದಲ್ಲಿ ಯಾವ ಯಂತ್ರದ ಹೆಸರು ಬರೆದಿದೆಯೋ ಅಲ್ಲಿಗೆ ಕಾಗದ ಹೋಗುತ್ತದೆ.

ಗುಟ್ಟಿರುವುದು ಇಲ್ಲಿಯೇ. ಆ ದಪ್ತರದ ಒಂದು ಸಾಲನ್ನು ತಿದ್ದಿದರೆ ಸಾಕು. ಕಾಲೇಜಿನ ಹೆಸರಿಗೆ ಬರುವ ಕಾಗದವೆಲ್ಲ ಕಾಲೇಜಿನ ಕೋಣೆಗೆ ಬರುವ ಬದಲು ಕಂಪನಿಯ ಯಂತ್ರಾಗಾರಕ್ಕೆ ಹೋಗಿ ಬೀಳುತ್ತದೆ. ಹೊರಗಿನ ಫಲಕದಲ್ಲಿ ಕಾಲೇಜಿನ ಹೆಸರೇ ಇರುತ್ತದೆ. ಒಳಗಿನ ಕಪಾಟುಗಳು ಮಾತ್ರ ಬೇರೆಯವರವು. ನೋಡಿದವರಿಗೆ ವ್ಯತ್ಯಾಸವೇ ತಿಳಿಯದು. ಈ ಅನುಕೂಲವಿರುವುದರಿಂದಲೇ ಇಮೇಲನ್ನು ಹೊರಗೆ ಒಪ್ಪಿಸುವುದು ಇಷ್ಟು ಸುಲಭವಾಯಿತು. ಇದೇ ಅನುಕೂಲ ನಾಳೆ ಹಿಂದಕ್ಕೆ ಪಡೆಯುವುದಕ್ಕೂ ನೆರವಾಗಬಲ್ಲುದು ಎಂಬುದನ್ನು ವಾಚಕರು ನೆನಪಿಡಬೇಕು. ಮುಂದೆ ಆ ಮಾತಿಗೆ ಬರುತ್ತೇನೆ.

ಇಮೇಲ್ ಹುಟ್ಟಿ ಬೆಳೆದದ್ದು ವಿದ್ಯಾಸಂಸ್ಥೆಗಳ ನೆರಳಿನಲ್ಲಿಯೇ. ೧೯೭೧ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರು ಆರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ವಿಳಾಸದ ನಡುವೆ ಸುರುಳಿಯ ಗುರುತನ್ನು ಬಳಕೆಗೆ ತಂದರು. ಸರಕಾರದ ಹಣದಿಂದ ನಡೆಯುತ್ತಿದ್ದ ಆ ಜಾಲ ಮುಖ್ಯವಾಗಿ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ಬೆಸೆದಿತ್ತು. ನಮ್ಮ ದೇಶದಲ್ಲಿ ೧೯೮೬ರಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಎರ್ನೆಟ್ ಯೋಜನೆಯನ್ನು ಆರಂಭಿಸಿತು. ಐದು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಪಾಲುದಾರರಲ್ಲಿ ಸೇರಿದ್ದುವು. ಆಗ ಇಮೇಲ್ ಎಂದರೆ ಸಂಸ್ಥೆಯ ಸ್ವಂತ ಅಂಚೆಮನೆ. ಯಂತ್ರ ತಮ್ಮದು, ಕೋಣೆ ತಮ್ಮದು, ಅದನ್ನು ನೋಡಿಕೊಳ್ಳುವ ಸಿಬ್ಬಂದಿಯೂ ತಮ್ಮದೇ.

ಸ್ವಂತ ಅಂಚೆಮನೆಯ ಖರ್ಚು ಮಾತ್ರ ಸಣ್ಣದಾಗಿರಲಿಲ್ಲ. ಯಂತ್ರಗಳು ಹಗಲಿರುಳೂ ನಡೆಯಬೇಕು. ವಿದ್ಯುತ್ತು ಹೋದಾಗ ಬದಲಿ ವ್ಯವಸ್ಥೆ ಬೇಕು. ಬಂದ ಕಾಗದಗಳಿಗೆ ಪ್ರತಿ ತೆಗೆದಿಡಬೇಕು. ಜಾಲದಲ್ಲಿ ಹರಿದಾಡುವ ಕಸದಂಥ ಇಮೇಲನ್ನು ಸೋಸಬೇಕು. ವೈರಸ್ಸುಗಳನ್ನೂ ಕನ್ನಗಳ್ಳರನ್ನೂ ತಡೆಯಬೇಕು. ಇಷ್ಟು ಮಾಡಿಯೂ ವಿದ್ಯಾರ್ಥಿಗೆ ದೊರೆಯುತ್ತಿದ್ದುದು ಕೆಲವೇ ಮೆಗಾಬೈಟುಗಳ ಪುಟ್ಟ ಪೆಟ್ಟಿಗೆ. ವಾರಕ್ಕೊಮ್ಮೆ ಹಳೆಯ ಕಾಗದಗಳನ್ನು ಅಳಿಸದಿದ್ದರೆ ಹೊಸ ಕಾಗದಕ್ಕೆ ಜಾಗವಿಲ್ಲ.

ಹೀಗಿರುವಾಗ ೨೦೦೪ರ ಏಪ್ರಿಲ್ ೧ರಂದು ಗೂಗಲ್ ಕಂಪನಿಯು ಜಿಮೇಲ್ ಎಂಬ ಸೇವೆಯನ್ನು ಪ್ರಕಟಿಸಿತು. ಆಗ ಇತರ ಉಚಿತ ಸೇವೆಗಳು ೨ರಿಂದ ೪ ಮೆಗಾಬೈಟಿನಷ್ಟು ಜಾಗ ಕೊಡುತ್ತಿದ್ದರೆ ಇದು ಒಂದು ಗಿಗಾಬೈಟ್, ಎಂದರೆ ಸುಮಾರು ಸಾವಿರ ಮೆಗಾಬೈಟ್ ಕೊಡುವುದಾಗಿ ಹೇಳಿತು. ಪ್ರಕಟವಾದ ದಿನ ಏಪ್ರಿಲ್ ಒಂದಾದುದರಿಂದ ಅದು ತಮಾಷೆಯಿರಬೇಕೆಂದು ಬಹಳ ಜನ ಭಾವಿಸಿದ್ದರಂತೆ. ತಮಾಷೆಯಾಗಿರಲಿಲ್ಲ. ಮನೆಯಲ್ಲಿ ಉಚಿತವಾಗಿ ಇಷ್ಟು ದೊಡ್ಡ ಪೆಟ್ಟಿಗೆ ಪಡೆದ ವಿದ್ಯಾರ್ಥಿಗಳು ಕಾಲೇಜಿನ ಇಕ್ಕಟ್ಟಾದ ಪೆಟ್ಟಿಗೆಯನ್ನು ತೆರೆಯುವುದನ್ನೇ ಬಿಡತೊಡಗಿದರು. ಕಾಲೇಜು ಹಣ ಸುರಿದು ನಡೆಸುತ್ತಿದ್ದ ಅಂಚೆಮನೆಗೆ ಗಿರಾಕಿಗಳು ಕಡಿಮೆಯಾದರು.

ಕಂಪನಿಗಳು ಈ ಸಂಧಿಯನ್ನು ಕಂಡುಕೊಂಡವು. ಮೈಕ್ರೋಸಾಫ್ಟ್ ಕಂಪನಿಯು ೨೦೦೫ರ ಸುಮಾರಿಗೆ ಲೈವ್ ಅಟ್ ಎಡು ಎಂಬ ಹೆಸರಿನಲ್ಲಿ ವಿದ್ಯಾಸಂಸ್ಥೆಗಳಿಗೆ ಉಚಿತ ಇಮೇಲ್ ಕೊಡಲಾರಂಭಿಸಿತು. ೨೦೦೬ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ಸಿಟಿ ಕಾಲೇಜಿನಲ್ಲಿ ಗೂಗಲ್ ಪ್ರಯೋಗ ನಡೆಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯು ತನ್ನ ೬೫,೦೦೦ ವಿದ್ಯಾರ್ಥಿಗಳಿಗೆ ಗೂಗಲ್ಲಿನ ಇಮೇಲನ್ನು ವಿಶ್ವವಿದ್ಯಾನಿಲಯದ ಹೆಸರಿನಲ್ಲಿಯೇ ಕೊಡುವುದಾಗಿ ಸಾರಿತು. ಆ ಬಳಿಕ ಒಂದರ ಹಿಂದೊಂದು ವಿದ್ಯಾಸಂಸ್ಥೆಗಳು ಆ ದಾರಿ ಹಿಡಿದವು. ನಮ್ಮಲ್ಲಿಯೂ ೨೦೧೨ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಹತ್ತು ಸಾವಿರಕ್ಕೂ ಹೆಚ್ಚು ತಾಂತ್ರಿಕ ಕಾಲೇಜುಗಳ ಸುಮಾರು ೭೦ ಲಕ್ಷ ವಿದ್ಯಾರ್ಥಿಗಳಿಗೆ ಮೈಕ್ರೋಸಾಫ್ಟಿನ ಈ ಸೇವೆಯನ್ನು ಒದಗಿಸುವುದಾಗಿ ಪ್ರಕಟಿಸಿತು. ೨೦೨೦ರಲ್ಲಿ ಕೊರೋನಾ ವ್ಯಾಧಿಯಿಂದ ತರಗತಿಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಅಲ್ಲಿಯವರೆಗೆ ಈ ವ್ಯವಸ್ಥೆಯ ಹೆಸರನ್ನೇ ಕೇಳದಿದ್ದ ಸಣ್ಣ ಊರಿನ ಕಾಲೇಜುಗಳೂ ಇದರೊಳಗೆ ಬಂದವು.

ಈಗ ಮುಖ್ಯ ಪ್ರಶ್ನೆ: ಕಂಪನಿಗಳು ಇದನ್ನು ಪುಕ್ಕಟೆಯಾಗಿ ಏಕೆ ಕೊಡುತ್ತವೆ? ವ್ಯಾಪಾರಿ ಧರ್ಮಛತ್ರ ಕಟ್ಟಿಸಬಾರದೆಂದೇನೂ ಇಲ್ಲ; ಆದರೆ ಇದು ಛತ್ರವಲ್ಲ. ನನ್ನ ತಿಳಿವಳಿಕೆಗೆ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು, ಖರ್ಚು ಕಡಿಮೆ. ಕೋಟ್ಯಂತರ ಜನರಿಗಾಗಿ ಯಂತ್ರಾಗಾರಗಳನ್ನು ಕಟ್ಟಿಕೊಂಡವನಿಗೆ ಇನ್ನೂ ಸಾವಿರ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು, ಜಾತ್ರೆಯ ಅಡಿಗೆಯಲ್ಲಿ ಇನ್ನೊಂದು ಪಂಕ್ತಿಗೆ ಬಡಿಸಿದಂತೆ. ಎರಡನೆಯದು, ಅಭ್ಯಾಸ. ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ಯಾವ ಉಪಕರಣದ ಮೇಲೆ ಬೆರಳು ಪಳಗುತ್ತದೆಯೋ, ನೌಕರಿಗೆ ಸೇರಿದಮೇಲೂ ಕೈ ಅದನ್ನೇ ಹುಡುಕುತ್ತದೆ. ಆಗ ಕೊಳ್ಳುವವನು ವಿದ್ಯಾರ್ಥಿಯಲ್ಲ, ಅವನ ಕಛೇರಿ. ಮೂರನೆಯದು, ಮೆಟ್ಟಿಲು. ಉಚಿತ ಸೇವೆಯ ಮೇಲೆ ಹಣ ಕೊಟ್ಟು ಕೊಳ್ಳಬೇಕಾದ ಹೆಚ್ಚಿನ ಸೇವೆಗಳಿರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ನಿಂತವರಲ್ಲಿ ಕೆಲವರಾದರೂ ಮೇಲೆ ಹತ್ತುತ್ತಾರೆ. ಇವು ಯಾವುವೂ ಅಪರಾಧವಲ್ಲ. ಆದರೆ ಇವು ಲೆಕ್ಕಾಚಾರಗಳು, ಮತ್ತು ಲೆಕ್ಕ ಬದಲಾದ ದಿನ ಕೊಡುಗೆಯೂ ಬದಲಾಗುತ್ತದೆ.

ಲಾಭಗಳನ್ನು ಮರೆಮಾಚುವುದು ನ್ಯಾಯವಲ್ಲ. ಒಬ್ಬರೇ ಗುಮಾಸ್ತರು ಅಂಕಪಟ್ಟಿಯನ್ನೂ ಶುಲ್ಕದ ರಸೀದಿಯನ್ನೂ ಕಂಪ್ಯೂಟರನ್ನೂ ನೋಡಿಕೊಳ್ಳುವ ಕಾಲೇಜು ತನ್ನದೇ ಇಮೇಲ್ ಯಂತ್ರವನ್ನು ಭದ್ರವಾಗಿ ನಡೆಸುವುದು ಸಾಧ್ಯವೆ? ಕಳಪೆಯಾಗಿ ನಡೆಸಿದ ಸ್ವಂತ ಯಂತ್ರಕ್ಕಿಂತ ಚೆನ್ನಾಗಿ ನಡೆಸಿದ ಪರರ ಯಂತ್ರವೇ ಕಳ್ಳರಿಂದ ಹೆಚ್ಚು ಸುರಕ್ಷಿತ. ಇಮೇಲಿನ ಜೊತೆಗೆ ಟಿಪ್ಪಣಿ ಬರೆಯುವುದಕ್ಕೂ ಪಾಠ ಹಂಚಿಕೊಳ್ಳುವುದಕ್ಕೂ ಮುಖಾಮುಖಿ ಮಾತನಾಡುವುದಕ್ಕೂ ಬೇಕಾದ ಸಲಕರಣೆಗಳು ಬರುತ್ತವೆ. ಕನ್ನಡದಲ್ಲಿಯೇ ಬರೆಯಬಹುದು, ಓದಬಹುದು. ಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಗೆ ಅಧ್ಯಾಪಕರು ಟಿಪ್ಪಣಿಯನ್ನು ಕ್ಷಣದಲ್ಲಿ ಮುಟ್ಟಿಸಬಹುದು. ಕಾಲೇಜಿನ ಹೆಸರುಳ್ಳ ವಿಳಾಸವನ್ನು ನೋಡಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುವವರೂ ಇದ್ದಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ನನ್ನಂಥವರಿಗೆ ಇದು ದೊಡ್ಡ ಉಪಕಾರವೆಂಬುದನ್ನು ಅಲ್ಲಗಳೆಯಲಾರೆ.

ಇನ್ನು ಸಂದೇಹಗಳ ಕಡೆಗೆ ಬರೋಣ. ಮೊದಲನೆಯ ಸಂದೇಹ, ಕಾಗದವನ್ನು ಯಾರು ಓದುತ್ತಾರೆ ಎಂಬುದು. ಜಿಮೇಲಿನ ಸಾಮಾನ್ಯ ಬಳಕೆದಾರರ ಕಾಗದಗಳ ಪದಗಳನ್ನು ಯಂತ್ರದಿಂದ ಶೋಧಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಪದ್ಧತಿ ಮೊದಲಿನಿಂದ ಇತ್ತು. ವಿದ್ಯಾಸಂಸ್ಥೆಗಳ ಸೇವೆಯಲ್ಲಿ ಜಾಹೀರಾತುಗಳನ್ನು ನಿಲ್ಲಿಸಿದ್ದರೂ ಯಂತ್ರದ ಶೋಧನೆ ನಡೆದೇ ಇದೆಯೆಂಬ ಸಂಗತಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ನಡೆದ ವ್ಯಾಜ್ಯದಿಂದ ಬೆಳಕಿಗೆ ಬಂದಿತು. ೨೦೧೪ರ ಏಪ್ರಿಲ್ ೩೦ರಂದು ಗೂಗಲ್ ಕಂಪನಿಯು ವಿದ್ಯಾಸಂಸ್ಥೆಗಳ ಜಿಮೇಲಿನಲ್ಲಿ ಜಾಹೀರಾತಿಗಾಗಿ ಮಾಡುವ ಶೋಧನೆಯನ್ನು ಶಾಶ್ವತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. ೨೦೧೭ರಲ್ಲಿ ಸಾಮಾನ್ಯ ಬಳಕೆದಾರರ ವಿಷಯದಲ್ಲಿಯೂ ಜಾಹೀರಾತಿಗಾಗಿ ಕಾಗದ ಶೋಧಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಕೇಳುವವರು ಇದ್ದುದರಿಂದ ನಿಂತಿತು ಎಂಬುದು ಇಲ್ಲಿಯ ಪಾಠ. ಕೇಳದೆ ಇದ್ದಿದ್ದರೆ ಎಷ್ಟು ದಿನ ನಡೆಯುತ್ತಿತ್ತೆಂದು ಯಾರು ಬಲ್ಲರು?

ಎರಡನೆಯ ಸಂದೇಹ, ಯಾವ ದೇಶದ ಕಾನೂನು ಎಂಬುದು. ಕೆನಡಾ ದೇಶದ ಥಂಡರ್ ಬೇ ಪಟ್ಟಣದಲ್ಲಿರುವ ಲೇಕ್‌ಹೆಡ್ ವಿಶ್ವವಿದ್ಯಾನಿಲಯವು ೨೦೦೬ರಲ್ಲಿ ತನ್ನ ಇಮೇಲನ್ನು ಗೂಗಲ್ಲಿಗೆ ಒಪ್ಪಿಸಿತು. ಅಧ್ಯಾಪಕರ ಸಂಘ ತಕರಾರು ತೆಗೆಯಿತು. ಅಮೆರಿಕದ ಕಂಪನಿಯ ಕೈಗೆ ಹೋದ ಕಾಗದಗಳು ೨೦೦೧ರ ಪೇಟ್ರಿಯಟ್ ಕಾಯಿದೆಯ ಪ್ರಕಾರ ಅಮೆರಿಕದ ಸರಕಾರದ ಕಣ್ಣಿಗೂ ಬೀಳಬಹುದು, ಕೆನಡಾದವರ ಗೋಪ್ಯತೆಗೆ ಯಾರು ಹೊಣೆ ಎಂಬುದು ಅವರ ವಾದ. ಮಧ್ಯಸ್ಥಗಾರರು ೨೦೦೯ರಲ್ಲಿ ವಿಶ್ವವಿದ್ಯಾನಿಲಯದ ಪರವಾಗಿಯೇ ತೀರ್ಪು ಕೊಟ್ಟರು. ಆದರೂ ಆ ಪ್ರಶ್ನೆ ಸಾಯಲಿಲ್ಲ. ೨೦೧೦ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯವು ಅಧ್ಯಾಪಕರಿಗೂ ಸಿಬ್ಬಂದಿಗೂ ಜಿಮೇಲ್ ಕೊಡುವ ಪ್ರಯೋಗವನ್ನು ಗೋಪ್ಯತೆಯ ಕಾರಣದಿಂದ ಕೈಬಿಟ್ಟಿತು. ೨೦೨೨ರ ಜುಲೈಯಲ್ಲಿ ಡೆನ್ಮಾರ್ಕಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು, ಅಪಾಯಗಳನ್ನು ಸರಿಯಾಗಿ ಅಳೆದಿಲ್ಲವೆಂದು ಹೆಲ್ಸಿಂಗೋರ್ ನಗರಸಭೆಯ ಶಾಲೆಗಳಲ್ಲಿ ಗೂಗಲ್ಲಿನ ಸೇವೆಯನ್ನು ನಿಷೇಧಿಸಿತು. ಸೆಪ್ಟೆಂಬರಿನಲ್ಲಿ ಕೆಲವು ಷರತ್ತುಗಳ ಮೇಲೆ ಆ ನಿಷೇಧವನ್ನು ತಡೆಹಿಡಿಯಿತು. ಒಂದು ಸಣ್ಣ ಊರು ಪ್ರಶ್ನೆ ಕೇಳಿಸಿಕೊಂಡುದರಿಂದ ಇಡೀ ದೇಶವೇ ತನ್ನ ಕರಾರುಪತ್ರವನ್ನು ಮತ್ತೆ ತೆರೆದು ಓದುವಂತಾಯಿತು.

ಮೂರನೆಯದು, ಪುಕ್ಕಟೆ ಎಷ್ಟು ದಿನ ಎಂಬುದು. ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗವೆಂದು ಗೂಗಲ್ ಬಹುಕಾಲ ಹೇಳುತ್ತಿತ್ತು. ಆ ಮಾತನ್ನು ನಂಬಿ ವಿಶ್ವವಿದ್ಯಾನಿಲಯಗಳು ಸಂಶೋಧನೆಯ ಕಡತಗಳನ್ನೂ ಪಾಠದ ಚಲನಚಿತ್ರಗಳನ್ನೂ ಅಲ್ಲಿಯೇ ತುಂಬಿದವು. ೨೦೨೧ರ ಫೆಬ್ರವರಿಯಲ್ಲಿ, ಇನ್ನು ಮುಂದೆ ಇಡೀ ಸಂಸ್ಥೆಗೆ ಒಟ್ಟು ೧೦೦ ಟೆರಾಬೈಟ್ ಮಾತ್ರ ಎಂಬ ಪ್ರಕಟಣೆ ಬಂದಿತು. ಹಳೆಯ ಸಂಸ್ಥೆಗಳಿಗೆ ೨೦೨೨ರ ಜುಲೈಯಿಂದ ಅದು ಅನ್ವಯಿಸಿತು. ಮೈಕ್ರೋಸಾಫ್ಟ್ ಕಂಪನಿಯೂ ೨೦೨೩ರಲ್ಲಿ ಇಂಥದೇ ೧೦೦ ಟೆರಾಬೈಟಿನ ಮಿತಿಯನ್ನು ಸಾರಿ, ೨೦೨೪ರಿಂದ ಜಾರಿಗೆ ತರುವುದಾಗಿ ಹೇಳಿತು. ಲೆಕ್ಕ ಹಾಕಿ ನೋಡೋಣ. ೧೦೦ ಟೆರಾಬೈಟೆಂದರೆ ಸುಮಾರು ಒಂದು ಲಕ್ಷ ಗಿಗಾಬೈಟ್. ೨,೦೦೦ ವಿದ್ಯಾರ್ಥಿಗಳ ಕಾಲೇಜಿಗೆ ತಲೆಗೆ ೫೦ ಗಿಗಾಬೈಟ್, ಬೇಕಾದಷ್ಟಾಯಿತು. ೫೦,೦೦೦ ವಿದ್ಯಾರ್ಥಿಗಳ ವಿಶ್ವವಿದ್ಯಾನಿಲಯಕ್ಕೆ ತಲೆಗೆ ಎರಡೇ ಗಿಗಾಬೈಟ್. ಬೀದಿಯಲ್ಲಿ ಹೋಗುವ ಯಾರಾದರೂ ಸ್ವಂತಕ್ಕೆ ತೆರೆದುಕೊಳ್ಳುವ ಗೂಗಲ್ ಖಾತೆಗೆ ಉಚಿತವಾಗಿ ದೊರೆಯುವುದು ೧೫ ಗಿಗಾಬೈಟ್! ಹೀಗಾಗಿ ದೊಡ್ಡ ಸಂಸ್ಥೆಗಳು ಹೆಚ್ಚು ಹಣ ತೆರಬೇಕಾಯಿತು, ಇಲ್ಲವೆ ಹಳೆಯ ವಿದ್ಯಾರ್ಥಿಗಳ ಖಾತೆಗಳ ಮೇಲೆ ಕತ್ತರಿ ಆಡಿಸಬೇಕಾಯಿತು. ಜೀವಮಾನಪೂರ್ತಿ ನಿಮ್ಮದೆಂದು ಕೊಟ್ಟ ವಿಳಾಸಗಳನ್ನು ಹಿಂದಕ್ಕೆ ಪಡೆದ ವಿಶ್ವವಿದ್ಯಾನಿಲಯಗಳೂ ಇವೆ. ಕಂಪನಿಯು ಕರಾರು ಮುರಿಯಿತೆಂದು ಹೇಳುವಂತಿಲ್ಲ. ‘ಎಂದೆಂದಿಗೂ’ ಎಂಬ ಮಾತು ಜನರ ಮನಸ್ಸಿನಲ್ಲಿತ್ತೇ ಹೊರತು ಕಾಗದದಲ್ಲಿರಲಿಲ್ಲ.

ನಾಲ್ಕನೆಯ ಸಂದೇಹ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹತ್ತಿರದ್ದು: ಕಾಲೇಜು ಬಿಟ್ಟಮೇಲೆ ಏನು? ನಮ್ಮ ಊರಿನ ಒಬ್ಬ ಅಕ್ಕ ಬೇರೊಂದು ಕಡೆ ಪದವಿ ಓದುತ್ತಿದ್ದಾಗ ಕಾಲೇಜು ಕೊಟ್ಟ ವಿಳಾಸವನ್ನೇ ತನ್ನ ವಿಳಾಸವೆಂದು ತಿಳಿದು, ಬ್ಯಾಂಕಿನ ಖಾತೆಗೂ ಸ್ಪರ್ಧಾಪರೀಕ್ಷೆಯ ನೋಂದಣಿಗೂ ಅದನ್ನೇ ಬರೆದಿದ್ದಳು. ಬೇರೊಂದು ವಿಳಾಸ ಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪದವಿ ಮುಗಿದ ಕೆಲವು ತಿಂಗಳಿಗೆ ಯಾವ ಸೂಚನೆಯೂ ಇಲ್ಲದೆ ಖಾತೆ ಮುಚ್ಚಿತು. ಪರೀಕ್ಷೆಯ ಪ್ರವೇಶಪತ್ರಕ್ಕೆ ಬೇಕಾದ ಗುಪ್ತಸಂಖ್ಯೆ ಆ ಮುಚ್ಚಿದ ಪೆಟ್ಟಿಗೆಗೇ ಹೋಗುತ್ತಿತ್ತು. ಮೊಬೈಲಿನ ಸಂಖ್ಯೆಯೂ ಅಷ್ಟರಲ್ಲಿ ಬದಲಾಗಿತ್ತು. ಅವಳು ಕಾಲೇಜಿಗೆ ಎರಡು ಬಾರಿ ಅಲೆದಳು. ಅಲ್ಲಿಯವರು ಅದು ಕಂಪನಿಯ ಕೈಯಲ್ಲಿದೆ ಎಂದರು. ಕಂಪನಿಗೆ ಬರೆದರೆ, ಖಾತೆಯ ಒಡೆಯರು ಕಾಲೇಜಿನವರು, ಅವರನ್ನೇ ಕೇಳಿ ಎಂಬ ಉತ್ತರ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಆ ವರ್ಷದ ಪರೀಕ್ಷೆ ಅವಳಿಗೆ ತಪ್ಪಿತು. ಇದರಲ್ಲಿ ಕೆಟ್ಟ ಮನಸ್ಸು ಯಾರದೂ ಇರಲಿಲ್ಲ. ಹೊಣೆ ಯಾರದೆಂದು ಮೊದಲೇ ಬರೆದಿಡದಿದ್ದುದೇ ಕೇಡಿಗೆ ಮೂಲ.

ಅವಳಿಗೆ ಕಂಪನಿ ಕೊಟ್ಟ ಉತ್ತರದಲ್ಲಿ ಒಂದು ಸತ್ಯವಿದೆ. ಕರಾರು ನಡೆಯುವುದು ಕಾಲೇಜಿಗೂ ಕಂಪನಿಗೂ ನಡುವೆ. ವಿದ್ಯಾರ್ಥಿ ಅದರಲ್ಲಿ ಕಕ್ಷಿಯೇ ಅಲ್ಲ. ಕಾಲೇಜಿನ ಮೇಲ್ವಿಚಾರಕರು ಖಾತೆಯನ್ನು ಮುಚ್ಚಬಲ್ಲರು, ಗುಪ್ತಪದವನ್ನು ಬದಲಾಯಿಸಬಲ್ಲರು. ನಾವು ಆ ಮನೆಯ ಬಾಡಿಗೆದಾರರೂ ಅಲ್ಲ, ಬಾಡಿಗೆದಾರರ ಮನೆಗೆ ಬಂದ ನೆಂಟರು. ಎಂದಮೇಲೆ ನೆಂಟರ ಒಪ್ಪಿಗೆಯನ್ನು ಕೇಳುವವರು ಯಾರು? ನಮ್ಮ ಸಂಸತ್ತು ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಂದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿದೆ. ಅದರಲ್ಲಿ ನಮಗೆ ಮುಖ್ಯವಾದ ಒಂದು ಮಾತಿದೆ. ಒಬ್ಬರ ಒಪ್ಪಿಗೆ ಕೇಳುವಾಗ ಆ ಕೋರಿಕೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಅವಕಾಶ ಕೊಡಬೇಕು. ಎಂದರೆ ಕನ್ನಡದಲ್ಲಿಯೂ ಸಿಗಬೇಕು. ಹತ್ತಾರು ಪುಟಗಳ ಇಂಗ್ಲಿಷ್ ಷರತ್ತುಗಳ ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವುದಕ್ಕೂ, ಹಿಂದಿನವರು ಸಾಹುಕಾರನ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತುತ್ತಿದ್ದುದಕ್ಕೂ ವ್ಯತ್ಯಾಸವೇನು? ನಮ್ಮ ಅಜ್ಜ ಹೆಬ್ಬೆಟ್ಟಿನವರು. ಅವರು ಮೊಮ್ಮಗನನ್ನು ಓದಲು ಕಳಿಸಿದ್ದು ಈ ಹೆಬ್ಬೆಟ್ಟಿನಿಂದ ಬಿಡುಗಡೆಯಾಗಲೆಂದೇ.

ಹಾಗಾದರೆ ಕಾಲೇಜುಗಳು ಹಸುವನ್ನು ಹಿಂದಕ್ಕೆ ಅಟ್ಟಿ ಮತ್ತೆ ಸ್ವಂತ ಅಂಚೆಮನೆ ಕಟ್ಟಬೇಕೆ? ನನ್ನ ಅಭಿಪ್ರಾಯ ಹಾಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸರಕಾರಿ ಕಲಾ ಕಾಲೇಜಿಗೆ ಇಮೇಲ್ ಯಂತ್ರಕ್ಕಿಂತ ಗ್ರಂಥಾಲಯದ ಪುಸ್ತಕವೂ ಹೆಣ್ಣುಮಕ್ಕಳ ವಿಶ್ರಾಂತಿಕೋಣೆಯೂ ಹೆಚ್ಚು ಜರೂರಾದ ಖರ್ಚುಗಳು. ಪುಕ್ಕಟೆಯ ಸೇವೆಯನ್ನು ಪಡೆಯಲಿ, ಆದರೆ ಕಣ್ಣು ತೆರೆದು ಪಡೆಯಲಿ ಎಂಬುದಷ್ಟೇ ನನ್ನ ವಾದ.

ಕಣ್ಣು ತೆರೆಯುವುದೆಂದರೆ ಏನು? ಮೊದಲನೆಯದಾಗಿ, ಮನೆಯ ಹೆಸರು ಕಾಲೇಜಿನದೇ ಆಗಿರಬೇಕು. ಹಿಂದೆ ಹೇಳಿದ ದಪ್ತರದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಡೊಮೇನು ಕಾಲೇಜಿನ ಹೆಸರಿನಲ್ಲಿ ನೋಂದಣಿಯಾಗಿದ್ದರೆ, ಕಂಪನಿ ನಾಳೆ ಬೆಲೆ ಕೇಳಿದಾಗ ದಪ್ತರದ ಸಾಲನ್ನು ತಿದ್ದಿ ಕಾಗದಗಳನ್ನು ಬೇರೆ ಕಂಪನಿಗೋ ಸರಕಾರದ ಯಂತ್ರಕ್ಕೋ ತಿರುಗಿಸಬಹುದು; ವಿದ್ಯಾರ್ಥಿಗಳ ವಿಳಾಸ ಒಂದಕ್ಷರವೂ ಬದಲಾಗದು. ೨೦೧೧ರ ಜನವರಿಯಲ್ಲಿ ದೇಶದಾದ್ಯಂತ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸುವ ಹಕ್ಕು ಬಂದುದನ್ನು ನಮ್ಮ ಹಿರಿಯರು ಬಲ್ಲರು. ಅದು ಬಂದ ದಿನ ಗಿರಾಕಿಗೆ ಬಲ ಬಂದಿತು. ಡೊಮೇನು ಕಾಲೇಜಿಗೆ ಅಂಥ ಬಲವನ್ನು ಕೊಡುತ್ತದೆ. ಅದರ ವಾರ್ಷಿಕ ಶುಲ್ಕವನ್ನು ತಪ್ಪದೆ ಕಟ್ಟುವುದು ಕಟ್ಟಡದ ಕಂದಾಯ ಕಟ್ಟುವಷ್ಟೇ ಮುಖ್ಯ.

ಎರಡನೆಯದಾಗಿ, ಕಾಲೇಜು ಕಂಪನಿಯನ್ನು ಲಿಖಿತವಾಗಿ ಕೇಳಬೇಕಾದ ಪ್ರಶ್ನೆಗಳಿವೆ. ವಿದ್ಯಾರ್ಥಿಯ ಕಾಗದವನ್ನು ಯಾವ ಉದ್ದೇಶಕ್ಕೆ ಯಂತ್ರ ಶೋಧಿಸುತ್ತದೆ? ಕಡತಗಳನ್ನು ಎಲ್ಲಿ ಇಡುತ್ತೀರಿ, ಯಾವ ಸರಕಾರಕ್ಕೆ ತೋರಿಸಬೇಕಾದೀತು? ಉಚಿತ ಸೇವೆಯ ನಿಬಂಧನೆ ಬದಲಾಯಿಸುವ ಮುನ್ನ ಎಷ್ಟು ತಿಂಗಳ ಸೂಚನೆ ಕೊಡುತ್ತೀರಿ? ನಾವು ಬಿಟ್ಟುಹೋಗುವಾಗ ಕಾಗದಗಳನ್ನೆಲ್ಲ ಕೊಂಡೊಯ್ಯಬಹುದೆ? ಕೊಂಡೊಯ್ದಮೇಲೆ ನೀವು ಅಳಿಸುತ್ತೀರೆಂಬುದಕ್ಕೆ ಆಧಾರವೇನು? ಒಂದು ಕಾಲೇಜು ಕೇಳಿದರೆ ಕಂಪನಿ ಅಚ್ಚುಹಾಕಿದ ಉತ್ತರ ಕೊಟ್ಟೀತು. ನಾಡಿನ ಸರಕಾರಿ ಕಾಲೇಜುಗಳೆಲ್ಲ ಒಟ್ಟಾಗಿ ಕೇಳಿದರೆ ಕಿವಿಗೊಡಲೇಬೇಕಾಗುತ್ತದೆ.

ಮೂರನೆಯದಾಗಿ, ವಿದ್ಯಾರ್ಥಿಗೆ ತಿಳಿಸಬೇಕು. ಪ್ರವೇಶದ ದಿನವೇ ಕನ್ನಡದಲ್ಲಿ ಅಚ್ಚುಹಾಕಿದ ಒಂದು ಪುಟ ಕೊಟ್ಟರೆ ಸಾಕು: ಈ ವಿಳಾಸ ಯಾರದು, ಇದನ್ನು ಯಾರು ನೋಡಬಲ್ಲರು, ಯಾವ ದಿನ ಮುಚ್ಚುತ್ತದೆ, ಮುಚ್ಚಿದಮೇಲೆ ಯಾರನ್ನು ಕಾಣಬೇಕು. ಪದವಿ ಮುಗಿದಮೇಲೆ ಕನಿಷ್ಠ ಒಂದು ವರ್ಷ ಖಾತೆ ತೆರೆದಿರಲಿ. ಮುಚ್ಚುವ ಮುನ್ನ ಮೂರು ಬಾರಿ ಎಚ್ಚರಿಕೆ ಬರಲಿ. ಇದಕ್ಕೆ ಹಣ ಬೇಕಾಗಿಲ್ಲ, ಒಂದು ನಿರ್ಣಯ ಬೇಕು.

ಕೊನೆಯದಾಗಿ ನನ್ನ ಸಹಪಾಠಿಗಳಿಗೆ ಎರಡು ಮಾತು. ಕಾಲೇಜಿನ ವಿಳಾಸವನ್ನು ಕಾಲೇಜಿನ ಕೆಲಸಕ್ಕೆ ಮಾತ್ರ ಬಳಸಿರಿ. ಬ್ಯಾಂಕು, ಆಧಾರ್, ಪರೀಕ್ಷಾ ನೋಂದಣಿ, ನೌಕರಿಯ ಅರ್ಜಿ ಇವಕ್ಕೆಲ್ಲ ನಿಮ್ಮ ಸ್ವಂತ ಹೆಸರಿನಲ್ಲಿ ನೀವೇ ತೆರೆದ ವಿಳಾಸವಿರಲಿ. ಅಂಗಡಿಯವನು ತೆರೆದುಕೊಟ್ಟದ್ದಾಗಿದ್ದರೆ ಗುಪ್ತಪದವನ್ನು ಇಂದೇ ಬದಲಾಯಿಸಿ, ಮರುಪಡೆಯುವ ಸಂಖ್ಯೆಯಾಗಿ ನಿಮ್ಮ ಅಥವಾ ಮನೆಯವರ ಮೊಬೈಲನ್ನೇ ಬರೆಯಿರಿ. ಸ್ವಂತ ಖಾತೆಯೂ ಶಾಶ್ವತವೆಂದು ಮೈಮರೆಯಬೇಡಿರಿ. ಎರಡು ವರ್ಷ ತೆರೆಯದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ ೨೦೨೩ರ ಡಿಸೆಂಬರಿನಿಂದ ಅಳಿಸತೊಡಗಿದೆ. ಅಂತಿಮ ವರ್ಷದವರು ಈ ಬೇಸಗೆಗೆ ಮುನ್ನ ಕಾಲೇಜಿನ ಖಾತೆಯಲ್ಲಿರುವ ಕಾಗದ, ಟಿಪ್ಪಣಿ, ಪ್ರಬಂಧಗಳನ್ನು ಇಳಿಸಿಕೊಳ್ಳಿರಿ. ಗೂಗಲ್ಲಿನವರ ಟೇಕ್‌ಔಟ್ ಎಂಬ ಸಲಕರಣೆ ಇದಕ್ಕಾಗಿಯೇ ಇದೆ. ಮೇಲ್ವಿಚಾರಕರು ಅದನ್ನು ಮುಚ್ಚಿದ್ದರೆ ತೆರೆಯುವಂತೆ ಪ್ರಾಚಾರ್ಯರಿಗೆ ಅರ್ಜಿ ಬರೆಯಿರಿ. ವಿನಯದಿಂದ ಬರೆಯಿರಿ, ಆದರೆ ಬರೆಯಿರಿ.

ಪದವಿಪತ್ರ ಕೈಗೆ ಬಂದಾಗ ಅದನ್ನು ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿಟ್ಟು ಟ್ರಂಕಿನ ತಳದಲ್ಲಿ ಜೋಪಾನ ಮಾಡುವವರು ನಾವು. ಮನೆಯಲ್ಲಿ ಮೊದಲ ಬಾರಿಗೆ ಬರುವ ಆ ಕಾಗದದ ಬೆಲೆ ನಮಗೆ ಗೊತ್ತು. ಆದರೆ ಆ ಕಾಗದವನ್ನು ನೋಡಿ ನಮ್ಮನ್ನು ಕರೆಯುವವರು ಇಂದು ಯಾವ ಬಾಗಿಲನ್ನು ತಟ್ಟುತ್ತಾರೆಂಬುದನ್ನೂ ನಾವು ಅರಿತಿರಬೇಕು. ಆ ಬಾಗಿಲ ಕೀಲಿ ಯಾರ ಸೊಂಟದಲ್ಲಿದೆಯೆಂದು ಕೇಳುವುದಕ್ಕೆ ಎಂಜಿನಿಯರಾಗಬೇಕಾಗಿಲ್ಲ. ಓದು ಬರಹ ಬಲ್ಲವನಾಗಿದ್ದರೆ ಸಾಕು.